ಅರ್ಧ ಸೌಟು ತೆಂಗಿನೆಣ್ಣೆ

ಭೋಜ ಶೆಟ್ರು ಮೂವತ್ತೈದು ವರ್ಷ ಮುಂಬಯಿಯಲ್ಲಿದ್ದು ಕೋಟೇಶ್ವರಕ್ಕೆ ವಾಪಸು ಬಂದಾಗ ಕಟ್ಟಿಕೊಂಡು ಬಂದದ್ದು ಸಕ್ಕರೆ ಕಾಯಿಲೆ, ಹಿಂದಿಯಲ್ಲಿ ಬಯ್ಯುವ ಚಾಳಿ ಮತ್ತು ಒಂದು ಆಟದ ಲಾರಿ. ಮೊದಲಿನ ಎರಡನ್ನು ಹೆಂಡತಿ ಹರಿಣಾಕ್ಷಿ ಹೇಗೋ ಸುಧಾರಿಸಿಕೊಂಡಳು. ಮೂರನೆಯದನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ.

ಆಟದ ಲಾರಿ ಎಂದು ಅವರೆದುರು ಹೇಳುವ ಹಾಗಿರಲಿಲ್ಲ, ಟ್ರಕ್ ಎನ್ನಬೇಕು. ಎರಡಡಿ ಉದ್ದದ ಗೊಂಬೆಗೆ ಅಷ್ಟು ಮರ್ಯಾದೆ. ಶೆಟ್ರು ಅಂಧೇರಿಯಲ್ಲಿ ನೋಡಿಕೊಳ್ಳುತ್ತಿದ್ದ ಕ್ಯಾಂಟೀನಿಗೆ ಬರುತ್ತಿದ್ದ ಯಾರೋ ಸಾಹೇಬ ದೇಶ ಬಿಟ್ಟು ಹೋಗುವಾಗ ಕೊಟ್ಟದ್ದಂತೆ. ಒಳಗೆ ಅಂಗೈಯಗಲದ ಅಸಲಿ ಎಂಜಿನ್ನು. ಅದಕ್ಕೆ ಪೆಟ್ರೋಲು ಆಗದು, ನೈಟ್ರೋ ಎಂಬ ಇಂಧನವೇ ಆಗಬೇಕು, ಅದು ಮುಂಬಯಿಯಿಂದ ಬಸ್ಸಿನಲ್ಲಿ ಪಾರ್ಸೆಲ್ ಬರಬೇಕು. ಹಗ್ಗ ಎಳೆದು ಸ್ಟಾರ್ಟ್ ಮಾಡಿ, ಕೈಯಲ್ಲಿ ರಿಮೋಟ್ ಹಿಡಿದು, ಶೆಟ್ರು ದಿನಾ ಸಂಜೆ ಐದಕ್ಕೆ ಮನೆ ಎದುರಿನ ಬೇಸಾಯ ಬಿಟ್ಟ ಹಡಿಲುಗದ್ದೆಯಲ್ಲಿ ಅದನ್ನು ಓಡಿಸುತ್ತಿದ್ದರು. ಕಿವಿ ಹರಿಯುವ ಸದ್ದು, ಕಣ್ಣುರಿಸುವ ಹೊಗೆ. ಒಗೆದು ಹಾಕಿದ ಬಟ್ಟೆಗೆಲ್ಲ ಹರಳೆಣ್ಣೆ ಸುಟ್ಟ ವಾಸನೆ. ನೋಡುವುದಕ್ಕೆ ನೆರೆಮನೆಯ ದುಗ್ಗಪ್ಪನೊಬ್ಬ ಇದ್ದ, ಅವನಿಗೂ ಬೇರೆ ಕೆಲಸವಿರಲಿಲ್ಲ.

“ಬೈಂದೂರ್ ಕಡಲ ಬದಿಯಂಗೆ ಓಡ್ಸ್ದಾಗ ನೂರಾರ್ ಜನ ಸೇರಿದ್ರ್, ಗೊತ್ತಿತ್ತಾ?” ಎಂದು ಶೆಟ್ರು ದುಗ್ಗಪ್ಪನಿಗೆ ಹೇಳಿದ್ದನ್ನೇ ಹೇಳುವರು.

“ಅದ್ ಮೀನ್ ಬಲಿ ಎಳೂಕೆ ಬಂದ ಜನ,” ಎಂದು ಹರಿಣಾಕ್ಷಿ ಅಡುಗೆಮನೆ ಕಿಟಕಿಯಿಂದಲೇ ಹೇಳುವಳು. “ದೋಣಿ ಬಪ್ದ್ ತಡ ಆಯ್ತ್ ಅಂದೇಳಿ ನಿಮ್ ಗೊಂಬಿ ಕಂಡ್ಕಂಡ್ ಕೂತದ್ದ್.”

ಗಂಡ ಮುಟ್ಟಿದ್ದೆಲ್ಲ ಹಾಳು ಎನ್ನುವುದು ಅವಳ ಸಿದ್ಧಾಂತ. ಶೆಟ್ರು ಕೈ ಹಾಕಿದ ಪಂಪ್‌ಸೆಟ್ಟು ಸುಟ್ಟಿತು, ನೆಟ್ಟ ಬಾಳೆ ಮುರಿಯಿತು, ತಂದ ಎಮ್ಮೆ ಬರಡಾಯಿತು. ಅವಳು ಮುಟ್ಟಿದ್ದು ಮಾತ್ರ ಹಾಳಾದದ್ದಿಲ್ಲ. ಮದುವೆಯಲ್ಲಿ ತಂದ ಹೊಲಿಗೆ ಮಿಷಿನು ಇನ್ನೂ ಓಡುತ್ತಿತ್ತು, ಬಾವಿಯ ರಾಟೆ ಕಿರ್ ಎನ್ನುತ್ತಿರಲಿಲ್ಲ, ಬಾಗಿಲಿನ ಅಗಳಿ ಬೆಣ್ಣೆಯ ಹಾಗೆ ಜಾರುತ್ತಿತ್ತು. ಎಲ್ಲದಕ್ಕೂ ಅವಳದು ಒಂದೇ ಮದ್ದು, ಮನೆಯ ತೆಂಗಿನೆಣ್ಣೆ. ಗಾಣದಿಂದ ತಂದ ಎಣ್ಣೆಯನ್ನು ಭರಣಿಗೆ ಸುರಿದು ಹತ್ತು ಕಾಳುಮೆಣಸು ಹಾಕಿಟ್ಟರೆ ಬೇಗ ಕನರುವುದಿಲ್ಲ ಎಂದು ತಾಯಿಯಿಂದ ಕಲಿತದ್ದು. ಇಡೀ ಕೋಟೇಶ್ವರದಲ್ಲಿ ಹಾಗೆ ಮಾಡುವವಳು ತಾನೊಬ್ಬಳೇ ಎಂದು ಅವಳಿಗೆ ಹೆಮ್ಮೆಯಿತ್ತು.

ಈ ಆಸಾಡಿ ತಿಂಗಳಲ್ಲಿ ಶೆಟ್ರು ಅಣ್ಣನ ಕಣ್ಣಿನ ಆಪರೇಷನ್ನಿಗೆಂದು ಹದಿನೈದು ದಿನ ಮುಂಬಯಿಗೆ ಹೋದರು. ಟ್ರಕ್ಕು ಚಾವಡಿಯ ಮಂಚದ ಕೆಳಗಿತ್ತು. ಒಂದು ಮಧ್ಯಾಹ್ನ ಕಸ ಗುಡಿಸುವಾಗ ಹರಿಣಾಕ್ಷಿಗೆ ಅದರ ಎಂಜಿನ್ನಿನ ತಿರುಪುಗಳ ಮೇಲೆ ಕೆಂಪು ತುಕ್ಕು ಕಂಡಿತು. ಮಳೆಗಾಲದ ಉಪ್ಪುಗಾಳಿ ಕಬ್ಬಿಣವನ್ನು ಬಿಡುವುದುಂಟೇ? ನೋಡಿಯೂ ನೋಡದ ಹಾಗೆ ಹೋಗಬಹುದಿತ್ತು. ಹೋಗಲಿಲ್ಲ. ಅಡುಗೆಮನೆಯ ಭರಣಿಯಿಂದ ಅರ್ಧ ಸೌಟು ಎಣ್ಣೆ ತಂದು, ಎಂಜಿನ್ನಿನ ನೆತ್ತಿಯಲ್ಲಿ ಗಾಳಿ ಸೋಸುವ ಸ್ಪಂಜು ಕಿತ್ತು, ಕಂಡ ತೂತಿಗೆ ಪೂರ್ತಿ ಸುರಿದಳು. ಚಕ್ರ ನಾಲ್ಕು ಸಲ ತಿರುಗಿಸಿ, ಸ್ಪಂಜು ಮುಚ್ಚಿ, ಸೌಟು ತೊಳೆದಿಟ್ಟು ಮರೆತಳು.

ಮಾರನೆ ದಿನ ಸೊಸೆ ಪ್ರಣೀತಾ ಅದೇ ಟ್ರಕ್ಕಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಮಗ ನಿತೇಶ್ ಕುಂದಾಪುರದ ಟೈಲ್ಸ್ ಅಂಗಡಿಯಲ್ಲಿ ಸೇಲ್ಸ್‌ಮನ್. ಪ್ರಣೀತಾ ಬ್ರಹ್ಮಾವರದವಳು, ಅಲ್ಲೇ ಬ್ಯಾಟರಿ ಸ್ಕೂಟರ್ ರಿಪೇರಿ ಮಾಡುವ ಅಂಗಡಿಯಲ್ಲಿ ಕೆಲಸ. ಹೆಂಗಸು ಸ್ಪಾನರ್ ಹಿಡಿದು ದುಡಿಯುವುದನ್ನು ಹರಿಣಾಕ್ಷಿ ‘ಹೊಳೆ ಆಚೆಯವರ ಕ್ರಮ’ ಎಂದು ಮೂಗು ಮುರಿದು ಎರಡು ವರ್ಷ ಆಗಿತ್ತು.

ಶೆಟ್ರು ಮುಂಬಯಿಯಿಂದ ಬಂದವರು ಚೀಲ ಇಳಿಸುವ ಮೊದಲೇ ಟ್ರಕ್ಕನ್ನು ಜಗಲಿಗೆ ತಂದು, ನೋಡಲು ಬಂದ ದುಗ್ಗಪ್ಪನ ಎದುರು ಹಗ್ಗ ಎಳೆದರು. ಹಗ್ಗ ಬರಲಿಲ್ಲ. ಕಾಲಿನಿಂದ ಟ್ರಕ್ಕನ್ನು ಒತ್ತಿ ಹಿಡಿದು ಎರಡೂ ಕೈಯಲ್ಲಿ ಜಗ್ಗಿದರು. ಒಳಗೆ ಕಟಕ್ ಎಂದಿತು. ಆಮೇಲೆ ಎಳೆದರೂ ಇಲ್ಲ, ಬಿಟ್ಟರೂ ಇಲ್ಲ.

“ಯಾರ್ ಮುಟ್ಟಿದ್ ಇದನ್ನ?”

“ನಾನ್ ಒಂದ್ ದಿನ ಧೂಳ್ ಒರ್ಸಿದೆ ಮಾವ,” ಎಂದಳು ಪ್ರಣೀತಾ. “ಒದ್ದಿ ಬಟ್ಟಿಯಂಗೆ. ಮೇಲಿಂದ ಅಷ್ಟೇ.”

“ಒದ್ದಿ ಬಟ್ಟಿ. ಕೇಂಡ್ಯನಾ ದುಗ್ಗಪ್ಪ? ಎಂಜಿನ್ನಿಗೆ ನೀರ್ ಕುಡ್ಸಿ ಕೊಂದಿದ್ಲ್. ಬ್ರಹ್ಮಾವರದಂಗೆ ಎಂಜಿನ್ ಮೀಯ್ಸುವ ಕ್ರಮ ಇತ್ತೋ ಏನೋ.”

“ನೀರ್ ಒಳ್ಗೆ ಹೋಯ್ಲಿಲ್ಲೆ ಮಾವ.”

“ಹಂಗಾರೆ ಒಳ್ಗೆ ಎಂತ ಹೋಯ್ತ್?”

ಹೊಸ್ತಿಲಲ್ಲಿ ಕಾಯಿ ತುರಿಯುತ್ತಿದ್ದ ಹರಿಣಾಕ್ಷಿಯ ಕೈ ನಿಂತಿತು. ಅರ್ಧ ಸೌಟು ಎಣ್ಣೆ ಅವಳ ಕಣ್ಣಿಗೆ ಕಟ್ಟಿತು. ಹೇಳಲು ಬಾಯಿ ತೆರೆದಳು, ಆದರೆ ಬಂದ ಮಾತು ಬೇರೆ.

“ಒಂದ್ ಗೊಂಬಿಗೆ ಇಷ್ಟ್ ಬೊಬ್ಬಿ ಎಂತಕೆ? ಸತ್ರೆ ಸಾಯ್ಲಿ. ಊರಿಗೆ ಒಂಚೂರ್ ನಿದ್ರಿ ಆರೂ ಬತ್ತ್.”

ಆ ಸಂಜೆ ಊಟಕ್ಕೆ ಕೂತಾಗ ಪ್ರಣೀತಾ ಅನ್ನದ ಸಟ್ಟುಗ ಹಿಡಿದು ಬಂದಳು. ಶೆಟ್ರು ಬಟ್ಟಲ ಮೇಲೆ ಅಂಗೈ ಅಡ್ಡ ಹಿಡಿದರು. “ಹರಿಣಾಕ್ಷಿ, ನೀ ಬಡ್ಸ್,” ಎಂದರು. ಅಂದಿನಿಂದ ಸೊಸೆಯ ಕೈಯ ಒಂದು ಅಗುಳೂ ಅವರ ಬಟ್ಟಲಿಗೆ ಬೀಳಲಿಲ್ಲ. ಅವಳನ್ನು ಹೆಸರು ಹಿಡಿದು ಕರೆಯುವುದನ್ನೂ ಬಿಟ್ಟರು. ‘ನಿನ್ನ ಹೆಂಡ್ತಿಗೆ ಹೇಳ್’ ಎಂದು ಮಗನಿಗೆ ಹೇಳುವರು, ಅವಳು ಎದುರಿಗೇ ನಿಂತಿದ್ದರೂ.

ಒಂದು ವಾರ ಇದೇ ರಾಮಾಯಣ. ಬೈಗೆ ಮೀನಿನ ಸಾರು ಬಿಸಿಯಿದ್ದರೂ ಊಟದ ಕೋಣೆ ತಣ್ಣಗಿರುತ್ತಿತ್ತು. ಕೊನೆಗೆ ಪ್ರಣೀತಾಳೇ ಬಾಯಿ ಬಿಟ್ಟಳು.

“ನಾನ್ ಅದನ್ನ ಸರಿ ಮಾಡಿ ಕೊಡ್ತೆ. ಎಂಜಿನ್ ತೆಗ್ದ್ ಬ್ರಶ್‌ಲೆಸ್ ಮೋಟಾರ್ ಹಾಕ್ತೆ. ಬ್ಯಾಟ್ರಿಯಂಗೆ ಓಡತ್ತ್, ಮೊದ್ಲಿಗಿಂತ ಜೋರ್.”

“ನಿನ್ನ ಹೆಂಡ್ತಿಗೆ ಹೇಳ್,” ಎಂದರು ಶೆಟ್ರು ನಿತೇಶನಿಗೆ, “ಗಂಡ್ ಹುಲಿಯ ಹೊಟ್ಟಿ ಬಗ್ದ್ ಬೆಕ್ಕಿನ ಕರುಳ್ ತುಂಬ್ಸುಕೆ ಆತಿಲ್ಲೆ ಅಂದೇಳಿ.”

“ಅಪ್ಪಯ್ಯ, ಹೊಸ ಎಂಜಿನ್ ತಂದ್ರೂ ನೈಟ್ರೋ ಎಲ್ಲ್ ಸಿಕ್ಕತ್ತ್?” ನಿತೇಶ್ ತಲೆ ಎತ್ತದೆ ಕೇಳಿದ. “ಬೆಂಕಿ ಹತ್ತುವ ಸಾಮಾನ್ ಬಸ್ಸಿನವ್ರ್ ತಕಂತಿಲ್ಲೆ ಈಗ. ಇಪ್ಪದ್ ಅರ್ಧ ಬಾಟ್ಲಿ.”

ಅದು ನಿಜ. ಶೆಟ್ರು ಮೀನಿನ ಮುಳ್ಳನ್ನು ಬಟ್ಟಲಂಚಿಗೆ ಸಾಲಾಗಿ ಜೋಡಿಸಿದರು. “ಎಂತ ಬೇಕಾರ್ ಮಾಡಿ. ಸತ್ತ ಹೆಣಕ್ಕೆ ಯಾವ ಅಂಗಿ ಹಾಕ್ರೆ ಎಂತ.”

ಭಾನುವಾರ ಪ್ರಣೀತಾ ಜಗಲಿಯಲ್ಲಿ ಹಳೆ ಪೇಪರು ಹಾಸಿ ಟ್ರಕ್ಕನ್ನು ಬಿಚ್ಚಿದಳು. ಇಂಧನದ ಡಬ್ಬಿ, ಹೊಗೆ ಕೊಳವೆ, ಕ್ಲಚ್ಚು ಒಂದೊಂದಾಗಿ ಪೇಪರಿಗೆ ಬಂದವು. ಎರಡು ಮಾರು ದೂರದಲ್ಲಿ ಹರಿಣಾಕ್ಷಿ ಮೀನು ಹಸನು ಮಾಡುತ್ತ ಕೂತಿದ್ದಳು. ಅಲ್ಲಿ ಕೂರಬೇಕಾದ ಕೆಲಸವೇನೂ ಇರಲಿಲ್ಲ, ಮೀನು ಮಾಡುವ ಜಾಗ ಹಿತ್ತಲಲ್ಲಿ. ಆದರೂ ಕತ್ತಿ, ಬೂದಿ, ಬೆಕ್ಕು ಸಮೇತ ಜಗಲಿಗೆ ಬಂದಿದ್ದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಹಾಗೆ.

ಪ್ರಣೀತಾ ಎಂಜಿನ್ನಿನ ಹಿಂದಿನ ಮುಚ್ಚಳ ತೆಗೆದಳು. ಹಳದಿಯಾದ ಗಟ್ಟಿ ಎಣ್ಣೆ ಪೇಪರಿನ ಮೇಲೆ ಮೆಲ್ಲಗೆ ಇಳಿಯಿತು. ಕನರು ವಾಸನೆ ಜಗಲಿಯಿಡೀ ಹರಡಿತು.

“ಎಂತ ನಾತ ಇದ್?” ಎಂದ ನಿತೇಶ್.

“ಹಳೆ ನೈಟ್ರೋ,” ಎಂದಳು ಪ್ರಣೀತಾ. “ಅದ್ರಂಗೆ ಹರಳೆಣ್ಣಿ ಇರತ್ತ್.”

ಹಾಗೆ ಹೇಳಿ ಅವಳು ಅತ್ತೆಯ ಕಡೆ ಒಮ್ಮೆ ನೋಡಿದಳು. ಹರಿಣಾಕ್ಷಿ ಬೈಗೆಯ ತಲೆ ಕಡಿಯುತ್ತಿದ್ದಳು. ಎರಡು ತಲೆ ಕಡಿಯುವಲ್ಲಿ ಅರ್ಧ ಮೀನೇ ಹೋಯಿತು, ಬೆಕ್ಕಿಗೆ ಹಬ್ಬವಾಯಿತು.

ಸಂಜೆ ಒಗ್ಗರಣೆಗೆಂದು ಭರಣಿಗೆ ಕೈ ಹಾಕಿದರೆ, ಅದರ ಪಕ್ಕ, ಹಲಗೆಯ ಮೇಲೆ, ಪೇಪರಿನ ಒಂದು ಚೂರು. ಅದರ ಮೇಲೆ ಒಂದು ಕಾಳುಮೆಣಸು. ಎಣ್ಣೆ ಹೀರಿ ಊದಿ, ಮಸಿ ಮೆತ್ತಿಕೊಂಡದ್ದು. ಸೌಟಿನೊಂದಿಗೆ ಬಂದು ಎಂಜಿನ್ನಿನ ಬಾಯಲ್ಲಿ ಸಿಕ್ಕಿಬಿದ್ದಿತ್ತು. ಸೊಸೆ ಅದನ್ನು ಅದರ ಮನೆಗೆ ತಂದು ಇಟ್ಟಿದ್ದಳು.

ಹರಿಣಾಕ್ಷಿ ಅದನ್ನು ಒಲೆಗೆ ಹಾಕಿದಳು. ಚಟ್ ಎಂದಿತು. ಸೊಸೆ ನಿತೇಶನಿಗೆ ಹೇಳಿ ಜಗಳ ಎಬ್ಬಿಸುತ್ತಾಳೆ ಎಂದು ಮೂರು ದಿನ ಕಾದಳು. ಪ್ರಣೀತಾ ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ಗಂಜಿ ಉಂಡು ಕೆಲಸಕ್ಕೆ ಹೋಗುವಳು, ಸಂಜೆ ಬಂದು ಪಾತ್ರೆ ತೊಳೆದು ಟ್ರಕ್ಕಿನ ಮುಂದೆ ಕೂರುವಳು. ಬಯ್ದಿದ್ದರೆ ತಿರುಗಿ ಬಯ್ಯಬಹುದಿತ್ತು. ಈ ಸುಮ್ಮನಿರುವ ಜಾತಿಯ ಜೊತೆ ಹೇಗೆ ಜಗಳವಾಡುವುದೆಂದು ಹರಿಣಾಕ್ಷಿಗೆ ಗೊತ್ತಿರಲಿಲ್ಲ, ಅದಕ್ಕೇ ಅವಳ ಮೇಲೆ ಇನ್ನಷ್ಟು ಸಿಟ್ಟು ಬಂತು.

ಒಂದು ದಿನ ಅವಳು ಕೊಟ್ಟೆ ಕಡುಬು ಮಾಡಿ ಸೊಸೆಗೆ ಮೊದಲು ಬಡಿಸಿದಳು.

“ಎಂತ ವಿಶೇಷ ಅತ್ತೆ?” ಎಂದಳು ಪ್ರಣೀತಾ.

“ವಿಶೇಷ ಎಂತದೂ ಇಲ್ಲೆ. ಹಲಸಿನೆಲಿ ಇದ್ದಿತ್, ಮಾಡ್ದೆ.”

“ಹಂಗಾರೆ ಒಂದೇ ಸಾಕ್.”

ಭಾದ್ರಪದ ಪೂರ್ತಿ ಟ್ರಕ್ಕಿನ ಕೆಲಸ ನಡೆಯಿತು. ಮೋಟಾರು, ಅದನ್ನು ಆಳುವ ಸ್ಪೀಡ್ ಕಂಟ್ರೋಲರು, ಇಟ್ಟಿಗೆಯ ಹಾಗಿದ್ದ ಬ್ಯಾಟರಿ ಕೊರಿಯರಿನಲ್ಲಿ ಬಂದವು. ಎಂಜಿನ್ನು ಕೂತಿದ್ದ ಜಾಗಕ್ಕೆ ಮೋಟಾರು ಕೂರಲೊಲ್ಲದು. ಪ್ರಣೀತಾ ಬಸ್ರೂರಿನಲ್ಲಿ ಲೇತ್ ಇಟ್ಟುಕೊಂಡಿದ್ದ ಗುಡ್ಡ ಎಂಬವನಲ್ಲಿಗೆ ನಾಲ್ಕು ಸಲ ಹೋಗಿ ಅಲ್ಯೂಮಿನಿಯಮ್ ಪಟ್ಟಿ ಕೊರೆಸಿ ತಂದಳು. ನಾಲ್ಕನೆಯದು ಕೂತಿತು.

ಮೋಟಾರಿನ ಸಣ್ಣ ಹಲ್ಲುಚಕ್ರ, ಟ್ರಕ್ಕಿನ ದೊಡ್ಡ ಹಲ್ಲುಚಕ್ರ ಎರಡರ ನಡುವೆ ಕೂದಲೆಳೆಯಷ್ಟು ಸಂದು ಬೇಕಂತೆ. ಅಂಟಿ ಕೂತರೆ ಒಂದನ್ನೊಂದು ತಿನ್ನುತ್ತವೆ, ದೂರವಾದರೆ ಹಲ್ಲು ಜಾರುತ್ತದೆ. ಅವಳು ಗೋಡೆಯ ಕ್ಯಾಲೆಂಡರಿನಿಂದ ಮುಗಿದ ಜುಲೈ ಹಾಳೆ ಹರಿದು, ಅದರ ಪಟ್ಟಿಯೊಂದನ್ನು ಹಲ್ಲುಗಳ ನಡುವೆ ಇಟ್ಟು ತಿರುಪು ಬಿಗಿದು, ಆಮೇಲೆ ಕಾಗದ ಎಳೆದು ತೆಗೆದಳು.

“ಕಾಗ್ದ ಇಟ್ಟ್ ಗಾಡಿ ಮಾಡುದಾ?” ಎಂದಳು ಹರಿಣಾಕ್ಷಿ. “ಆ ಹಾಳಿಯಂಗೆ ಗ್ಯಾಸಿನ ತಾರೀಕ್ ಬರ್ದಿದ್ದೆ ನಾನ್.”

“ಮಾವ ಮುಂಬೈಗೆ ಹೋದ ತಾರೀಕೂ ಇತ್ತ್ ಅದ್ರಂಗೆ,” ಎಂದಳು ಪ್ರಣೀತಾ, ತಲೆ ಎತ್ತದೆ.

ಹರಿಣಾಕ್ಷಿ ಒಳಗೆ ಹೋದಳು.

ಅದೇ ವಾರ ನಿತೇಶ್ ಊಟದ ನಡುವೆ ಇನ್ನೊಂದು ಸುದ್ದಿ ಹೇಳಿದ. “ಬ್ರಹ್ಮಾವರದಂಗೆ ಒಂದ್ ಬಾಡ್ಗಿ ಮನಿ ಕಂಡಿತ್. ಹೊಸ್ತಿನ ಹಬ್ಬ ಮುಗ್ದ್ ಮೇಲೆ ನಾವ್ ಅಲ್ಲಿಗೆ ಹೋತ್.”

“ಎಂತಕೆ?” ಎಂದಳು ಹರಿಣಾಕ್ಷಿ.

“ಇಲ್ಲ್ ಬಡ್ಸ್ರೆ ಉಂಬವ್ರ್ ಇಲ್ಲೆ ಅಮ್ಮ.”

ಶೆಟ್ರು ಮಜ್ಜಿಗೆ ಕುಡಿದು ಬಟ್ಟಲು ಕೆಳಗಿಟ್ಟರು. “ಹೋಯ್ಲಿ. ಮನಿಯಂಗೆ ಉಳ್ದ ಮಿಷಿನ್ ಆರೂ ಬದುಕ್ತ್.”

ಗಂಡಸರಿಬ್ಬರೂ ಎದ್ದು ಹೋದರು. ಹರಿಣಾಕ್ಷಿ ಎಂಜಲು ಬಟ್ಟಲುಗಳ ನಡುವೆ ಕೂತಳು. ಒಂದು ಮಾತು ಅವಳು ಹೇಳಿದರೆ ಸಾಕಿತ್ತು, ಮಗ ಸೊಸೆ ಗಂಟು ಕಟ್ಟುತ್ತಿರಲಿಲ್ಲ. ಆದರೆ ಹೇಳಿದ ಮರುಗಳಿಗೆ ಗಂಡ ಕೇಳುತ್ತಾರೆ, ನೀನ್ಯಾಕೆ ಎಣ್ಣೆ ಹಾಕಿದೆ ಎಂದು. ಹಾಳು ಮಾಡಿದ್ದನ್ನು ಒಪ್ಪಿಕೊಳ್ಳಬಹುದು, ಹಲ್ಲು ಕಚ್ಚಿಯಾದರೂ. ಯಾಕೆ ಎಂಬುದನ್ನು ಬಾಯಿಬಿಟ್ಟು ಹೇಳುವುದಕ್ಕಿಂತ ಬಾವಿಗೆ ಹಾರುವುದು ಮೇಲು ಎನಿಸಿತು ಅವಳಿಗೆ.

ಮಹಾಲಯ ಕಳೆದ ಮೇಲೆ ಟ್ರಕ್ಕು ಗದ್ದೆಗೆ ಇಳಿಯಿತು. ಶೆಟ್ರು ಬರುವುದಿಲ್ಲ ಎಂದವರು ಕಟ್ಟೆಯ ಮೇಲೆ ಬೆನ್ನು ಹಾಕಿ ಕೂತರು. ದುಗ್ಗಪ್ಪ ಕುರ್ಚಿ ತಂದಿದ್ದ. ಪ್ರಣೀತಾ ರಿಮೋಟಿನ ಗುಂಡಿ ಒತ್ತಿದಳು. ಸದ್ದಿಲ್ಲ, ಹೊಗೆಯಿಲ್ಲ. ಸುಂಯ್ ಎಂದು ಟ್ರಕ್ಕು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಗದ್ದೆಯ ಆಚೆ ಬದುವಿನಲ್ಲಿತ್ತು. ತಿರುಗಿ ಬರುವಾಗ ಮೂತಿ ಎತ್ತಿ ಹಿಂದಿನ ಎರಡೇ ಚಕ್ರದ ಮೇಲೆ ಬಂತು.

“ಹ್ವಾಯ್ ಶೆಟ್ರೆ, ಕಾಣಿ,” ಎಂದ ದುಗ್ಗಪ್ಪ. “ಮೊದ್ಲ್ ಹೀಂಗೆ ಓಡ್ತಿರ್ಲಿಲ್ಲೆ.”

“ಇದ್ ಟ್ರಕ್ಕಾ?” ಎಂದರು ಶೆಟ್ರು. ಬೆನ್ನು ಹಾಕಿದ್ದವರು ಯಾವಾಗ ತಿರುಗಿದ್ದರೋ. “ಸದ್ದ್ ಇಲ್ದಿದ್ದ್ ಗಾಡಿ, ಮಾತ್ ಬಾರದ ಹೆಂಡ್ತಿ, ಎರಡನ್ನೂ ನಂಬೂಕಾಗ. ಇದ್ ಮಿಕ್ಸಿ. ಚಟ್ನಿ ಅರೀರಿ ಇದ್ರಂಗೆ.”

ಒಳಗೆ ಹೋದವರು ಸತ್ತ ಎಂಜಿನ್ನನ್ನು ಒರೆಸಿ, ಚಾವಡಿಯ ಶೋಕೇಸಿನಲ್ಲಿ, ಕ್ಯಾಂಟೀನಿನವರು ಕೊಟ್ಟ ಗಡಿಯಾರದ ಪಕ್ಕ ಇಟ್ಟರು. ಬಂದವರಿಗೆಲ್ಲ ತೋರಿಸಿ, “ಸೊಸಿ ಕೊಂದದ್ದ್,” ಎನ್ನುವರು. ಹಾಲಿನವನಿಗೆ ತೋರಿಸಿದರು, ಕರೆಂಟ್ ಬಿಲ್ಲಿನವನಿಗೂ ತೋರಿಸಿದರು.

ನವರಾತ್ರಿಯಲ್ಲಿ ಹೊಸ್ತು ಬಂತು. ಹೊಸ ಭತ್ತದ ತೆನೆಯನ್ನು ಮನೆ ತುಂಬಿಸಿಕೊಳ್ಳುವ ಹಬ್ಬ. ಸೂರ್ಯ ಹುಟ್ಟುವ ಮೊದಲು ಶೆಟ್ರು ಮಿಂದು, ಹಿತ್ತಲಾಚೆಯ ಭತ್ತದ ಗದ್ದೆಗೆ ಹಾಲು ಹಾಕಿ, ಕದಿರು ಕೊಯ್ದು ಹರಿವಾಣದಲ್ಲಿ ತಲೆಯ ಮೇಲೆ ಹೊತ್ತು ತಂದರು. ಮಾವಿನೆಲೆ, ಹಲಸಿನೆಲೆಯೊಳಗೆ ಎರಡೆರಡು ಕದಿರು ಇಟ್ಟು ನಾರಿನಿಂದ ಸುತ್ತಿ, ಮನೆಯಲ್ಲಿ ದುಡಿಯುವ ವಸ್ತುಗಳಿಗೆಲ್ಲ ಕಟ್ಟುವುದು ಕ್ರಮ. ಬಾಗಿಲಿಗೆ, ಬಾವಿಯ ರಾಟೆಗೆ, ನೊಗಕ್ಕೆ, ಹೊಲಿಗೆ ಮಿಷಿನಿಗೆ, ಬೈಕಿಗೆ, ಪ್ರಣೀತಾಳ ಸ್ಕೂಟರಿಗೂ ಕಟ್ಟಿದರು. ಜಗಲಿಯಲ್ಲಿದ್ದ ಟ್ರಕ್ಕನ್ನು ದಾಟಿಕೊಂಡು ಹೋಗಿ, ಕೊನೆಯ ಕದಿರನ್ನು ಶೋಕೇಸಿನ ಸತ್ತ ಎಂಜಿನ್ನಿಗೆ ಕಟ್ಟಿದರು.

ಪ್ರಣೀತಾ ಅದನ್ನು ನೋಡಿದಳು, ಬಾಳೆಲೆ ಒರೆಸಲು ಹೋದಳು.

ಮಧ್ಯಾಹ್ನ ಐದು ಎಲೆ ಹಾಕಿದರು. ಒಂಟಿಜೀವ ದುಗ್ಗಪ್ಪನಿಗೆ ಪ್ರತಿ ವರ್ಷ ಹೊಸ್ತಿನ ಊಟ ಇಲ್ಲೇ. ಹರಿವೆ ಪಲ್ಯ, ಸೌತೆಕಾಯಿ ಹುಳಿ, ಎಣ್ಣೆಯಲ್ಲಿ ಕರಿದ ಹೀರೆಕಾಯಿ ಪೋಡಿ, ಹೊಸ ಅಕ್ಕಿ ಪಾಯಸ. ಮೇಲೆ ಹೊಸ ಅಕ್ಕಿಯ ಅನ್ನ ಬಿತ್ತು, ಹಬೆ ಎದ್ದಿತು. ಆದರೆ ಹೊಸ್ತಿನ ದಿನ ಅನ್ನ ಬಿದ್ದ ಕೂಡಲೇ ಕೈ ಹಾಕುವಂತಿಲ್ಲ. ಕೂತವರ ಒಬ್ಬೊಬ್ಬರ ಹತ್ತಿರವೂ ‘ನಾನ್ ಹೊಸ್ತ್ ಉಂತೆ’ ಎಂದು ಅಪ್ಪಣೆ ಕೇಳಬೇಕು, ‘ಉಣ್ಣಿ’ ಎಂದು ಅವರು ಹೇಳಬೇಕು. ಹಿರಿಯರು ಕಿರಿಯರೆಂಬ ಭೇದವಿಲ್ಲ. ಪ್ರತಿ ವರ್ಷ ಇದು ಯಾರೂ ಗಮನಿಸದ ಗುಜುಗುಜು, ಅರ್ಧ ನಿಮಿಷದಲ್ಲಿ ಮುಗಿದು ಎಲ್ಲರ ಕೈ ಅನ್ನದಲ್ಲಿರುತ್ತಿತ್ತು.

ಶೆಟ್ರು ಹೆಂಡತಿಯನ್ನು ಕೇಳಿದರು, ಮಗನನ್ನು ಕೇಳಿದರು, ದುಗ್ಗಪ್ಪನನ್ನೂ ಕೇಳಿದರು. ಸೊಸೆಯನ್ನು ಬಿಟ್ಟು ಎಲೆಯತ್ತ ಬಗ್ಗಿದರು. ಹರಿಣಾಕ್ಷಿ ಗಂಡನನ್ನು, ಮಗನನ್ನು, ದುಗ್ಗಪ್ಪನನ್ನು ಕೇಳಿ ಸೊಸೆಯ ಕಡೆ ತಿರುಗಿದಳು.

“ಮಗಾ, ನಾನ್ ಹೊಸ್ತ್ ಉಂತೆ.”

ಪ್ರಣೀತಾ ನೀರಿನ ಲೋಟವನ್ನು ಎಲೆಯಿಂದ ಆಚೆ ಸರಿಸಿಟ್ಟಳು.

“ನಾನ್ ಹೊಸ್ತ್ ಉಂತೆ ಅಂದೆ.”

“ಹೇಳ್ತೆ ಅತ್ತೆ,” ಎಂದಳು ಪ್ರಣೀತಾ. “ಅದ್ಕೆ ಮುಂಚೆ ಆ ಎಂಜಿನ್ನಿಗೆ ಎಂತ ಹಾಕಿದ್ದ್ ಅಂದೇಳಿ ನೀವ್ ಹೇಳಿ.”

ಅನ್ನಕ್ಕೆ ಹೋಗುತ್ತಿದ್ದ ಶೆಟ್ರ ಕೈ ನಿಂತಿತು. ನಿತೇಶ್ ಹೆಂಡತಿಯನ್ನು ನೋಡಿದ. ಅಪ್ಪಣೆ ಸಿಗದವಳು ಉಣ್ಣುವಂತಿಲ್ಲ, ಮನೆಯಾಕೆ ಉಣ್ಣದೆ ಉಳಿದವರು ಉಣ್ಣುವಂತಿಲ್ಲ. ಐದು ಎಲೆಯ ಮೇಲೆ ಹಬೆ ಆರುತ್ತಿತ್ತು. ಹೊಸ ಅಕ್ಕಿಯ ಅನ್ನವನ್ನು ಎದುರಿಗಿಟ್ಟುಕೊಂಡು ಸುಳ್ಳು ಹೇಳುವಷ್ಟು ಹರಿಣಾಕ್ಷಿ ಇನ್ನೂ ಕೆಟ್ಟಿರಲಿಲ್ಲ.

“ಎಣ್ಣಿ,” ಎಂದಳು. “ಅರ್ಧ ಸೌಟ್ ತೆಂಗಿನೆಣ್ಣಿ. ನಾನೇ ಹಾಕಿದ್. ಇವ್ಳ್ ನೀರ್ ಹಾಕ್ಲಿಲ್ಲೆ.”

ಶೆಟ್ರು ನಕ್ಕರು. “ಹೋತ್ರ್ ಅಂದೇಳಿ ಸೊಸಿನ್ ಉಳ್ಸ್ಕಂಬ್ಕೆ ಒಂದ್ ಕತಿ. ನಿಂಗೆ ಅದನ್ನ ಕಂಡ್ರೇ ಆತಿಲ್ಲೆ. ನೀ ಎಂತಕೆ ಅದ್ಕೆ ಎಣ್ಣಿ ಹಾಕ್ತೆ?”

ಹರಿಣಾಕ್ಷಿ ಎರಡು ತಿಂಗಳು ಹೆದರಿದ್ದು ಈ ಪ್ರಶ್ನೆಗೆ. ಅವಳು ಎಲೆಯ ಮೇಲಿನ ಉಪ್ಪನ್ನು ಬೆರಳಿನಿಂದ ಒತ್ತಿದಳು.

“ತುಕ್ಕ್ ಹಿಡೀತಿದ್ದಿತ್,” ಎಂದಳು. “ನೀವ್ ಊರಿಂದ ಬಂದ್ ಕಂಡ್ರೆ ಬೇಜಾರ್ ಮಾಡ್ಕಂತ್ರಿ ಅಂದೇಳಿ ಹಾಕ್ದೆ.”

ದುಗ್ಗಪ್ಪ ತನ್ನ ಎಲೆಯ ಪೋಡಿಯನ್ನೇ ನೋಡುತ್ತ ಕೂತ. ನಲವತ್ತು ವರ್ಷದ ಸಂಸಾರದಲ್ಲಿ ಅವಳು ಗಂಡನಿಗೆ ಹೇಳಿದ ಮೊದಲ ಒಳ್ಳೆಯ ಮಾತು ಅದು, ಅದೂ ನೆರೆಮನೆಯವನ ಎದುರು, ಒತ್ತಾಯಕ್ಕೆ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

“ಎಣ್ಣಿ ಹಾಕ್ರೆ ಸಾಯ್ತ್ತಾ?” ಎಂದರು ಶೆಟ್ರು. ಯಾರನ್ನು ಕೇಳಿದ್ದೆಂದು ಅವರಿಗೂ ಗೊತ್ತಿರಲಿಲ್ಲ.

ಪ್ರಣೀತಾ ಹೇಳಿದಳು. “ಎಣ್ಣಿ ಹಾಕ್ರೆ ಸಾಯ್ತಿಲ್ಲೆ. ಪಿಸ್ಟನ್ ಮೇಲೆ ಎಣ್ಣಿ ತುಂಬಿದ್ರೆ ಅದ್ ಕುಗ್ಗ್ತಿಲ್ಲೆ, ಹಗ್ಗ ಬತ್ತಿಲ್ಲೆ. ಪ್ಲಗ್ ತೆಗ್ದ್ ಬಗ್ಸಿದ್ರೆ ಸೋರಿ ಹೋತಿದ್ದಿತ್. ನೀವ್ ಕಾಲ್ ಕೊಟ್ಟ್ ಎಳ್ದ್ರಿ, ಒಳ್ಗಿನ ರಾಡ್ ಬಗ್ಗ್ತ್. ಬಗ್ಗಿದ ರಾಡ್ ಆ ಎಂಜಿನ್ನಿನ ಒಳ್ಗೇ ಇತ್ತ್, ಕದಿರ್ ಬಿಚ್ಚಿ ಕಾಣಿ.” ಆಮೇಲೆ ಹರಿಣಾಕ್ಷಿಯ ಕಡೆ ತಿರುಗಿದಳು. “ಉಣ್ಣಿ ಅತ್ತೆ.”

ಹರಿಣಾಕ್ಷಿ ಉಣ್ಣಲಿಲ್ಲ, ಗಂಡನನ್ನು ನೋಡಿದಳು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಶೆಟ್ರು ಮೊದಲು ಮೀಸೆ ಒರೆಸಿದರು, ಆಮೇಲೆ ನೀರು ಕುಡಿದರು. ಹಿಂದಿಯಲ್ಲಿ ಏನೋ ಗೊಣಗಿದರು, ಬಹುಶಃ ಎಂಜಿನ್ನು ಕೊಟ್ಟ ಸಾಹೇಬನಿಗೆ.

“ಪ್ರಣೀತಾ,” ಎಂದರು. ಎರಡು ತಿಂಗಳ ಮೇಲೆ ಆ ಹೆಸರು ಅವರ ಬಾಯಲ್ಲಿ ಬಂದದ್ದು. “ನಾನ್ ಹೊಸ್ತ್ ಉಂತೆ.”

“ಉಣ್ಣಿ ಮಾವ. ಅನ್ನ ತಣ್ದಿತ್, ಬಿಸಿ ಹಾಕ್ತೆ.”

ಅವಳು ಸಟ್ಟುಗ ಹಿಡಿದು ಬಂದಾಗ ಶೆಟ್ರು ಅಂಗೈ ಅಡ್ಡ ಹಿಡಿಯಲಿಲ್ಲ.

ಸಂಜೆ ಪಾತ್ರೆ ತೊಳೆಯುವಾಗ ಹರಿಣಾಕ್ಷಿ ಕೇಳಿದಳು. “ಹಂಗಾರೆ ಇನ್ನ್ ಬ್ರಹ್ಮಾವರಕ್ಕೆ ಹೋಪ್ದ್ ಇಲ್ಲೆ ಅಲ್ದಾ?”

“ಹೋಪ್ದೇ ಅತ್ತೆ.”

“ಹೇಳ್ದೆ ಅಲ್ದಾ ನಾನ್?”

“ಕೇಂಡ ಮೇಲೆ ಹೇಳ್ದ್ರಿ. ನಾನ್ ಆ ಮೆಣಸಿನ್ಕಾಳ್ ತಂದಿಟ್ಟ್ ಏಳ್ ವಾರ ಕಾದೆ. ನಾನೇ ಹೇಳ್ದ್ರೆ ಸೊಸಿ ಅತ್ತಿ ಮೇಲೆ ಹಾಕ್ತ್ಲ್ ಅಂತಿದ್ರಿ.” ಪ್ರಣೀತಾ ಕೈ ಒರೆಸಿಕೊಂಡಳು. “ಸಿಟ್ಟಿಲ್ಲೆ ಅತ್ತೆ. ಆರೆ ಇಲ್ಲಿಪ್ಪುಕೆ ಮನ್ಸೂ ಇಲ್ಲೆ.”

ಹರಿಣಾಕ್ಷಿ ತೊಳೆದ ಸೌಟನ್ನೇ ಇನ್ನೊಮ್ಮೆ ತೊಳೆದಳು.

ದಸರೆ ಮುಗಿದ ಬುಧವಾರ ಮಗ ಸೊಸೆ ಹೋದರು. ಟ್ರಕ್ಕನ್ನು ಜಗಲಿಯಲ್ಲೇ ಬಿಟ್ಟು ಹೋದರು, ಬ್ಯಾಟರಿ ತುಂಬಿಸಿ ಇಟ್ಟಿದ್ದರು. ಅದೇ ಸಂಜೆ ಹರಿಣಾಕ್ಷಿ ಅಂಗಳದಲ್ಲಿ ಬಟ್ಟೆ ತೆಗೆಯುವಾಗ ಗದ್ದೆಯ ಕಡೆಯಿಂದ ಝೊಂಯ್ ಎಂಬ ಸದ್ದು ಕೇಳಿಸಿತು. ಬಗ್ಗಿ ನೋಡಿದರೆ ಶೆಟ್ರು ಒಬ್ಬರೇ ರಿಮೋಟ್ ಹಿಡಿದು ನಿಂತಿದ್ದರು. ಟ್ರಕ್ಕು ಸದ್ದಿಲ್ಲದೆ ಓಡುತ್ತಿತ್ತು. ಸದ್ದು ಶೆಟ್ರ ಬಾಯಿಂದ ಬರುತ್ತಿತ್ತು. ತಿರುವಿನಲ್ಲಿ ಗೇರು ಕೂಡ ಬದಲಾಯಿಸುತ್ತಿದ್ದರು. ಅರವತ್ತೇಳು ವರ್ಷದ ಮುದುಕ. ಹರಿಣಾಕ್ಷಿಗೆ ಹೇಳಲು ಹತ್ತು ಮಾತು ನಾಲಿಗೆಯ ತುದಿಗೆ ಬಂತು, ಒಂದನ್ನೂ ಹೇಳದೆ ಬಟ್ಟೆ ಹೊತ್ತು ಒಳಗೆ ಬಂದಳು.

ಇಪ್ಪತ್ತು ನಿಮಿಷಕ್ಕೆ ಟ್ರಕ್ಕು ನಿಂತಿತು. ಶೆಟ್ರು ಬ್ಯಾಟರಿ ಕಳಚಿ ಮನೆಯಿಡೀ ಹುಡುಕಿ, ಕೊನೆಗೆ ಮಗನಿಗೆ ಫೋನು ಮಾಡಿದರು. ಫೋನು ಎತ್ತಿದ್ದು ಪ್ರಣೀತಾ.

“ಚಾರ್ಜರ್ ಎಲ್ಲಿತ್?” ಎಂದರು ಶೆಟ್ರು.

“ನನ್ ಹತ್ರ ಇತ್ತ್ ಮಾವ. ಬೇರೆ ಚಾರ್ಜರಿಗೆ ಕೊಟ್ರೆ ಬೆಂಕಿ ಹತ್ತತ್ತ್ ಅದ್. ಮುಗ್ದಾಗ ತಕಂಡ್ ಬನ್ನಿ.”

ಭಾನುವಾರ ಬೆಳಿಗ್ಗೆ ಶೆಟ್ರು ಇಸ್ತ್ರಿ ಅಂಗಿ ಹಾಕಿ, ಬ್ಯಾಟರಿಯನ್ನು ಬಟ್ಟೆ ಚೀಲಕ್ಕೆ ಹಾಕಿಕೊಂಡು ಗೇಟಿನ ಹತ್ತಿರ ನಿಂತರು. “ನೀ ಬತ್ಯಾ?”

“ಗೊಂಬಿಗೆ ಹೊಟ್ಟಿ ತುಂಬ್ಸುಕೆ ನಾನ್ ಬೇರೆ ಬರ್ಕಾ?” ಎಂದಳು ಹರಿಣಾಕ್ಷಿ. ಹೇಳಿದವಳು ಸೀರೆ ಉಟ್ಟೇ ಇದ್ದಳು. ಒಳಗೆ ಹೋಗಿ ಬಾಟಲಿಗೆ ಭರಣಿಯ ಎಣ್ಣೆ ತುಂಬಿ, ಎರಡು ಕಾಳುಮೆಣಸು ಹಾಕಿ, ಮುಚ್ಚಳ ಬಿಗಿದು ತಂದಳು.

ಬಸ್ಸು ಸಾಸ್ತಾನದ ಟೋಲು ದಾಟಿ, ಮಾಬುಕಳದ ಸೇತುವೆ ದಾಟಿ ಬ್ರಹ್ಮಾವರದಲ್ಲಿ ನಿಂತಿತು. ಎರಡು ಕೋಣೆಯ ಬಾಡಿಗೆ ಮನೆ. ಬಾಗಿಲು ತೆರೆದ ಪ್ರಣೀತಾ ಮಾವನ ಕೈಯಿಂದ ಬ್ಯಾಟರಿ ತೆಗೆದುಕೊಂಡಳು, ಅತ್ತೆಯ ಕೈಯಿಂದ ಬಾಟಲಿ ತೆಗೆದುಕೊಂಡಳು. ಬಾಟಲಿಯನ್ನು ಬೆಳಕಿಗೆ ಹಿಡಿದು ತಳದ ಎರಡು ಕಾಳು ನೋಡಿದಳು.

“ಅಡ್ಗಿಗೆ ಅದ್,” ಎಂದಳು ಹರಿಣಾಕ್ಷಿ. “ಬೇರೆ ಎಂತಕ್ಕೂ ಅಲ್ಲ.”

“ಗೊತ್ತಿತ್ತ್ ಅತ್ತೆ. ಒಳ್ಗೆ ಬನ್ನಿ. ಚಾರ್ಜ್ ಆಪುಕೆ ಒಂದೂವರಿ ಗಂಟಿ ಬೇಕ್.”

ಅಷ್ಟು ಹೊತ್ತು ಕೂರದೆ ಇಬ್ಬರಿಗೂ ಉಪಾಯವಿರಲಿಲ್ಲ.